ಎರಡು ರಾತ್ರಿಯ ಲೆಕ್ಕ: ರಾಯಚೂರು ಜಿಲ್ಲೆಯ ಒಂದು ದೂರಿನ ಪ್ರಕರಣ ಅಧ್ಯಯನ

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಊರೊಂದರ ಯುವಕನನ್ನು ಮೋಟರ್ ಕಳವಿನ ವಿಚಾರಣೆಗೆಂದು ಠಾಣೆಗೆ ಕರೆಸಿಕೊಂಡು, ಬಂಧನ ತೋರಿಸದೆ ಎರಡು ರಾತ್ರಿ ಅಲ್ಲಿಯೇ ಇರಿಸಿಕೊಂಡು, ಹೊಡೆದು ಕಳಿಸಿದರೆಂಬ ದೂರಿನ ಪ್ರಕರಣ ಇದು. ಯುವಕ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಆತನಿಗೂ ಆತನ ತಾಯಿಗೂ ಅರ್ಜಿಗಳನ್ನು ಬರೆದುಕೊಟ್ಟು, ಕಚೇರಿಯಿಂದ ಕಚೇರಿಗೆ ಜೊತೆಯಲ್ಲಿ ಹೋದವನು ನಾನು. ನಾನು ವಕೀಲನಲ್ಲ. ಓದು ಬರಹ ಬಾರದವರ ಅಹವಾಲನ್ನು ಕಾಗದಕ್ಕಿಳಿಸುವುದು, ಅದು ತಲುಪಬೇಕಾದಲ್ಲಿಗೆ ತಲುಪಿತೇ ಎಂದು ನೋಡಿಕೊಳ್ಳುವುದು, ವಕೀಲರ ಅಗತ್ಯ ಬಂದಾಗ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯುವುದು, ಇಷ್ಟು ನನ್ನ ಕೆಲಸ. ಗುರುತು ಸಿಗಬಾರದೆಂದು ಊರು, ಠಾಣೆ ಮತ್ತು ವ್ಯಕ್ತಿಗಳ ಹೆಸರನ್ನು ಬಿಟ್ಟಿದ್ದೇನೆ. ವಿಷಯ ಇನ್ನೂ ನ್ಯಾಯಾಲಯದ ಮುಂದಿರುವುದರಿಂದ ಇಲ್ಲಿ ಬರುವ ಆರೋಪಗಳನ್ನು ಆರೋಪಗಳೆಂದೇ ಓದಿಕೊಳ್ಳಬೇಕು.

ಇದನ್ನು ಬರೆಯಲು ಕಾರಣವಿದೆ. ಪೊಲೀಸರ ಮೇಲಿನ ದೂರು ನಿಲ್ಲುವುದು ಠಾಣೆಯ ಹೊರಗೆ ಹುಟ್ಟಿದ ದಾಖಲೆಗಳ ಮೇಲೆ, ಮತ್ತು ಆ ದಾಖಲೆಗಳು ಹುಟ್ಟಬೇಕಾದದ್ದು ಮೊದಲ ಮೂರು ನಾಲ್ಕು ದಿನಗಳಲ್ಲಿ. ನಮ್ಮ ಭಾಗದಲ್ಲಿ ಜನ ಆ ದಿನಗಳನ್ನು ಹಿರಿಯರ ಮನೆಗೆ, ಮುಖಂಡರ ಮನೆಗೆ ಅಲೆಯುವುದರಲ್ಲಿ ಕಳೆಯುತ್ತಾರೆ. ವಾರ ಕಳೆದು ಬಾವು ಇಳಿದ ಮೇಲೆ ಅರ್ಜಿ ಬರೆಸಲು ಬರುತ್ತಾರೆ. ಈ ಪ್ರಕರಣದಲ್ಲಿ ಮಗ ಬಿಡುಗಡೆಯಾದ ಮರುದಿನವೇ ತಾಯಿ ಮಗ ಇಬ್ಬರೂ ಬಂದರು. ಮುಂದೆ ನಡೆದದ್ದೆಲ್ಲಕ್ಕೂ ಅದೇ ಬುನಾದಿಯಾಯಿತು.

ನಡೆದ ಸಂಗತಿ

ಕಾಲುವೆಗೆ ನೀರು ಬಿಟ್ಟ ಹಂಗಾಮಿನಲ್ಲಿ ಕೊನೆಭಾಗದ ರೈತರು ಹಳ್ಳದ ಬದಿಗೆ, ಕಾಲುವೆ ದಂಡೆಗೆ ಮೋಟರ್ ಕೂಡಿಸಿ ಭತ್ತಕ್ಕೆ ನೀರೆತ್ತುತ್ತಾರೆ. ಈ ಮೋಟರ್‌ಗಳು, ಅವುಗಳ ತಾಮ್ರದ ವೈರು, ಸ್ಟಾರ್ಟರ್ ಡಬ್ಬಿ ರಾತ್ರೋರಾತ್ರಿ ಕಾಣೆಯಾಗುವುದು ಇಲ್ಲಿ ಹೊಸದಲ್ಲ. ಒಂದು ಮೋಟರ್ ಹೋದರೆ ಒಂದು ಮಡಿ ಒಣಗುತ್ತದೆ. ಆದ್ದರಿಂದ ರೈತರು ಠಾಣೆಯ ಮುಂದೆ ಗುಂಪಾಗಿ ನಿಂತು ಒತ್ತಾಯಿಸುವುದರಲ್ಲಿ ತಪ್ಪಿಲ್ಲ, ಕಳ್ಳರನ್ನು ಬೇಗ ಹಿಡಿಯಬೇಕೆಂಬ ಒತ್ತಡ ಠಾಣೆಯವರ ಮೇಲೆ ಇರುವುದೂ ಸುಳ್ಳಲ್ಲ. ಆ ಒತ್ತಡದಲ್ಲಿ ಯಾರ ಮೇಲೆ ಸಂಶಯ ಬೀಳುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು. ಹೊಲವಿಲ್ಲದವನು, ರಾತ್ರಿ ಪಾಳಿ ಮುಗಿಸಿ ಒಬ್ಬನೇ ನಡೆದು ಬರುವವನು, ಹಿಂದೊಮ್ಮೆ ಯಾವುದೋ ಜಗಳದಲ್ಲಿ ಠಾಣೆ ಮೆಟ್ಟಿಲು ಹತ್ತಿದವನು ಮೊದಲು ಕಣ್ಣಿಗೆ ಬೀಳುತ್ತಾನೆ. ಈ ಯುವಕನಲ್ಲಿ ಮೂರೂ ಇದ್ದವು.

ಮಂಗಳವಾರ ಸಂಜೆ ಗಿರಣಿಯಲ್ಲಿದ್ದಾಗ ಆತನ ಮೊಬೈಲಿಗೆ ಕರೆ ಬಂತು. ಆತ ತಾನಾಗಿಯೇ ಠಾಣೆಗೆ ಹೋದ. ಗುರುವಾರ ಮಧ್ಯಾಹ್ನ ಆತನನ್ನು ಬಿಟ್ಟರು. ನಡುವಿನ ಹೊತ್ತಿನಲ್ಲಿ ಆತನಿಗೆ ಲಿಖಿತ ನೋಟಿಸ್ ಕೊಡಲಿಲ್ಲ, ಬಂಧನ ಪತ್ರಕ್ಕೆ ಸಹಿ ಪಡೆಯಲಿಲ್ಲ, ವೈದ್ಯರ ಮುಂದೆ ಹಾಜರುಪಡಿಸಲಿಲ್ಲ. ಠಾಣೆಯ ಹಿಂಬದಿಯ ಕೋಣೆಯಲ್ಲಿ ಅಂಗಾಲಿಗೂ ಮೀನಖಂಡಕ್ಕೂ ಲಾಠಿಯಿಂದ ಹೊಡೆದರೆಂಬುದು, ಬಿಡುವಾಗ ಮೂರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರೆಂಬುದು, ಕರೆದಾಗಲೆಲ್ಲ ಬರಬೇಕೆಂದು ಹೇಳಿ ಕಳಿಸಿದರೆಂಬುದು ಆತನ ಹೇಳಿಕೆ.

ತಾಯಿ ಮೊದಲು ಹೇಳಿದ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. “ಅವ್ರನ್ನ ಜೈಲಿಗೆ ಹಾಕ್ಸ್ರಿ ಅಂತ ನಾ ಕೇಳಂಗಿಲ್ರಿ ಸರ. ನಮ್ ಹುಡುಗನ್ನ ಮತ್ತ ಕರೀಬಾರ್ದು, ಅಷ್ಟ ಬೇಕಾಗ್ಯಾದ.” ಇದನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಮುಂದೆ ದೂರು ಹತ್ತು ಕಚೇರಿ ಸುತ್ತುವಾಗ, ದೂರುದಾರರಿಗೆ ಬೇಕಾದದ್ದೇನಿತ್ತು ಎಂಬುದನ್ನು ಸಹಾಯಕ್ಕೆ ನಿಂತವರೇ ಮರೆತು ತಮಗೆ ಸರಿಕಂಡ ಹೋರಾಟ ನಡೆಸತೊಡಗುತ್ತಾರೆ. ಮಗನಿಗೆ ಬೇಕಾದದ್ದು ಬೇರೆ ಇತ್ತು: ಹೊಡೆದವರು ಒಪ್ಪಿಕೊಳ್ಳಬೇಕು. ಇವೆರಡಕ್ಕೂ ದಾರಿ ಒಂದೇ ಅಲ್ಲವೆಂದು ಅವರಿಬ್ಬರಿಗೂ ಅಂದೇ ತಿಳಿಸಿ ಹೇಳಿದೆ.

ಅರ್ಜಿಗಿಂತ ಮೊದಲು ಆಸ್ಪತ್ರೆ

ಅರ್ಜಿ ಬರೆಯಲು ಕೂಡದೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಯುವಕ, “ಚೀಲದ ಮ್ಯಾಲಿಂದ ಬಿದ್ದೆ ಅಂತ ಹೇಳ್ತೀನ್ರಿ” ಎಂದ. ಇದು ಅಂಜುಬುರುಕತನದ ಮಾತಲ್ಲ, ಅನುಭವದ ಮಾತು. ಹಲ್ಲೆಯ ಗಾಯವೆಂದು ಹೇಳಿದ ಕೂಡಲೇ ಆಸ್ಪತ್ರೆಯವರು ಅದನ್ನು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ಎಂದು ದಾಖಲಿಸಿ ಪೊಲೀಸರಿಗೆ ಮಾಹಿತಿ ಕಳಿಸಬೇಕಾಗುತ್ತದೆ, ಆ ಮಾಹಿತಿ ಕೊನೆಗೆ ತಲುಪುವುದು ಯಾವ ಠಾಣೆಯ ಮೇಲೆ ಆರೋಪವಿದೆಯೋ ಅದೇ ಠಾಣೆಗೆ. ಈ ವ್ಯವಸ್ಥೆಯಲ್ಲಿ ಬಡವನೊಬ್ಬ ಬಿದ್ದೆನೆಂದು ಹೇಳುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ವೈದ್ಯರ ಪುಸ್ತಕದಲ್ಲಿ ಒಮ್ಮೆ ಬಿದ್ದು ಆದ ಗಾಯ ಎಂದು ದಾಖಲಾದರೆ, ಮುಂದಿನ ಪ್ರತಿಯೊಂದು ವಿಚಾರಣೆಯೂ ಆ ಸಾಲಿನಿಂದಲೇ ಶುರುವಾಗುತ್ತದೆ, ಮತ್ತು ಅದನ್ನು ಅಳಿಸುವುದು ಬಹಳ ಕಷ್ಟ. ಇದನ್ನು ಆತನಿಗೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಧಾನವಾಗಿ ವಿವರಿಸಿದೆ. ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಅವರು ಮನೆಗೆ ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಅಪಾಯವನ್ನು ಮರೆಮಾಡಿ ಒಪ್ಪಿಸಿದ ದೂರುದಾರ ಮೊದಲ ಬೆದರಿಕೆಗೇ ಹಿಂದೆ ಸರಿಯುತ್ತಾನೆ. ಆತ ತಾಯಿಯ ಮುಖ ನೋಡಿದ, ಆಮೇಲೆ ಒಳಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದ.

ಕರ್ತವ್ಯದಲ್ಲಿದ್ದ ವೈದ್ಯೆ, “ಯಾರು ಹೊಡೆದ್ರು ಅನ್ನೋದನ್ನ ತೀರ್ಮಾನ ಮಾಡೋದು ನನ್ನ ಕೆಲಸ ಅಲ್ಲ, ಇವರು ಹೇಳಿದ್ದನ್ನ ಬರೀತೀನಿ” ಎಂದರು. ನಮಗೆ ಬೇಕಾದದ್ದೂ ಅಷ್ಟೇ. ಪೊಲೀಸರಿಂದ ಹಲ್ಲೆಯೆಂದು ಗಾಯಾಳು ಹೇಳುತ್ತಾನೆ ಎಂಬ ಸಾಲು, ಹಲ್ಲೆಯ ದಿನ ಮತ್ತು ಹೊತ್ತು, ಪ್ರತಿಯೊಂದು ಗಾಯದ ಜಾಗ, ಅಳತೆ ಮತ್ತು ಬಣ್ಣ ಪುಸ್ತಕದಲ್ಲಿ ಬಂದವು. ಬಣ್ಣವನ್ನು ಬರೆಸುವುದು ಸಣ್ಣ ಸಂಗತಿಯಲ್ಲ. ಕಂದಿದ ಗಾಯ ದಿನ ಕಳೆದಂತೆ ಕೆಂಪಿನಿಂದ ನೀಲಿಗೆ, ಹಸಿರಿಗೆ, ಹಳದಿಗೆ ತಿರುಗುತ್ತ ಹೋಗುತ್ತದೆ; ಅದು ಎಷ್ಟು ದಿನದ್ದಿರಬಹುದೆಂದು ಅಂದಾಜು ಮಾಡಲು ಮುಂದೆ ವೈದ್ಯರಿಗೆ ಈ ಬಣ್ಣವೇ ಒಂದು ಆಧಾರ. ಎಡಪಾದದ ಬಾವು ಹೆಚ್ಚಾಗಿದ್ದರಿಂದ ವೈದ್ಯೆ ಎಕ್ಸ್‌ರೇಗೆ ಬರೆದರು. ಕಿರುಬೆರಳಿನ ಬುಡಕ್ಕೆ ಸೇರುವ ಎಲುಬಿನಲ್ಲಿ ಬಿರುಕು ಕಂಡಿತು.

ಆ ಬಿರುಕು ದೂರಿನ ದರ್ಜೆಯನ್ನೇ ಬದಲಿಸಿತು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಎಲುಬು ಮುರಿತ ತೀವ್ರ ಗಾಯ. ತಪ್ಪೊಪ್ಪಿಸಲೆಂದು ಗಾಯ ಮಾಡುವುದು 120ನೇ ಕಲಮಿನ ಅಪರಾಧವಾಗಿದ್ದು, ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ; ಗಾಯ ತೀವ್ರವಾಗಿದ್ದರೆ ಹತ್ತು ವರ್ಷದವರೆಗೆ. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರದ ಮುಂದೆ ಗಂಭೀರ ದುರ್ನಡತೆ ಎಂದು ವಾದಿಸುವಾಗಲೂ ವಶದಲ್ಲಿದ್ದಾಗ ಆದ ತೀವ್ರ ಗಾಯವೇ ಮುಖ್ಯ ಆಧಾರ. ಎಕ್ಸ್‌ರೇ ಆಗದಿದ್ದರೆ ಇದು ನಾಲ್ಕೇಟು ಹೊಡೆದರೆಂಬ ಸಾಮಾನ್ಯ ಅರ್ಜಿಯಾಗಿ ಉಳಿಯುತ್ತಿತ್ತು.

ಗಾಯದ ಪ್ರಮಾಣಪತ್ರವನ್ನು ಆಸ್ಪತ್ರೆಯವರು ಸಾಮಾನ್ಯವಾಗಿ ತನಿಖಾಧಿಕಾರಿ ಕೇಳಿದಾಗ ಅವರಿಗೇ ಕೊಡುತ್ತಾರೆ, ರೋಗಿಯ ಕೈಗೆ ಬರುವುದು ಹೊರರೋಗಿ ಚೀಟಿ ಮಾತ್ರ. ಹೀಗಾಗಿ ಎಂಎಲ್‌ಸಿ ಸಂಖ್ಯೆಯನ್ನು ಅಲ್ಲಿಯೇ ಬರೆದುಕೊಂಡು, ತನ್ನ ವೈದ್ಯಕೀಯ ದಾಖಲೆಗಳ ಪ್ರತಿ ಬೇಕೆಂದು ಯುವಕನಿಂದಲೇ ಲಿಖಿತ ಅರ್ಜಿ ಕೊಡಿಸಿದೆವು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿದ್ದೆವು, ಪ್ರತಿ ಸಿಕ್ಕಿತು.

ಖಾನಾವಳಿಯ ಫೋನ್‌ಪೇ

ಪೊಲೀಸರು ಇಂಥ ದೂರಿಗೆ ಕೊಡುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ವಿಚಾರಣೆಗೆ ಕರೆದಿದ್ದೆವು, ಸಂಜೆಯೇ ಕಳಿಸಿದೆವು. ಬಂಧನ ತೋರಿಸದಿರುವುದರಿಂದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ 22ನೇ ವಿಧಿಯಾಗಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಮಾಗಲಿ ತಮಗೆ ಅನ್ವಯಿಸುವುದೇ ಇಲ್ಲವೆಂಬಂತೆ ಉತ್ತರ ಇರುತ್ತದೆ. ಬಂಧನ ಪತ್ರ, ಅದಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ಮಾಹಿತಿ, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ, ಇವೆಲ್ಲವನ್ನೂ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿಯೇ ಕಡ್ಡಾಯ ಮಾಡಿದೆ. ಬಂಧಿಸಿಯೇ ಇಲ್ಲ ಎಂದುಬಿಟ್ಟರೆ ಇವೆಲ್ಲ ಬದಿಗೆ ಸರಿಯುತ್ತವೆ. ಆದ್ದರಿಂದ ಆತ ಎರಡು ರಾತ್ರಿ ಠಾಣೆಯಲ್ಲಿಯೇ ಇದ್ದನೆಂಬುದನ್ನು ಠಾಣೆಯ ದಿನಚರಿಯ ನೆರವಿಲ್ಲದೆ ತೋರಿಸಬೇಕಿತ್ತು.

ಇದಕ್ಕೆ ಬಲವಾದ ಆಧಾರ ಒದಗಿದ್ದು ಆತನ ತಮ್ಮನ ಮೊಬೈಲಿನಲ್ಲಿ. ಮಂಗಳವಾರ ರಾತ್ರಿ, ಮತ್ತೆ ಬುಧವಾರ ರಾತ್ರಿ ಆ ಹುಡುಗ ಠಾಣೆಯ ಎದುರಿನ ಖಾನಾವಳಿಯಲ್ಲಿ ಅಣ್ಣನಿಗಾಗಿ ಎರಡೆರಡು ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಒಳಗೆ ಕೊಟ್ಟು ಬಂದಿದ್ದ. ದುಡ್ಡು ಫೋನ್‌ಪೇ ಮಾಡಿದ್ದ. ಎರಡೂ ಪಾವತಿಗಳ ದಿನಾಂಕ, ಗಂಟೆ, ನಿಮಿಷ ಅಲ್ಲಿದ್ದವು. ಠಾಣೆಯಲ್ಲಿ ಯಾರೂ ಇಲ್ಲದಿದ್ದರೆ ಇದೇ ಊಟವನ್ನು ಎರಡು ರಾತ್ರಿ ಅದೇ ಹೊತ್ತಿಗೆ ಅಲ್ಲಿಂದ ಕೊಳ್ಳುವ ಅಗತ್ಯ, ಹದಿನೈದು ಕಿಲೋಮೀಟರ್ ದೂರದ ಹಳ್ಳಿಯ ಹುಡುಗನಿಗೆ ಇರಲಿಲ್ಲ. ಖಾನಾವಳಿಯವರ ಹೆಸರನ್ನು ನಾವು ಮೊದಲ ದೂರಿನಲ್ಲಿ ಹಾಕಲಿಲ್ಲ. ಅವರು ದಿನವೂ ಠಾಣೆಯ ಎದುರೇ ಒಲೆ ಹೊತ್ತಿಸಬೇಕು. ಪಾವತಿಯ ವಿವರವನ್ನು ಮಾತ್ರ ಲಗತ್ತಿಸಿ, ಸಾಕ್ಷಿಗಳ ವಿವರವನ್ನು ನ್ಯಾಯಾಲಯದಲ್ಲಿ ಸಲ್ಲಿಸುತ್ತೇವೆಂದು ಬರೆದೆವು.

ಯುವಕನ ಮೊಬೈಲಿಗೆ ಮಂಗಳವಾರ ಬಂದ ಕರೆಯ ವಿವರ, ಬುಧವಾರ ಮತ್ತು ಗುರುವಾರ ಆತ ಗೈರೆಂದು ತೋರಿಸುವ ಗಿರಣಿಯ ಹಾಜರಿ ಪುಸ್ತಕದ ಪುಟ, ಗಾಯಗಳ ಚಿತ್ರಗಳು ಇದಕ್ಕೆ ಜೊತೆಯಾದವು. ಚಿತ್ರ ತೆಗೆದ ಮೊಬೈಲನ್ನು ಬದಲಿಸಬಾರದು, ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬಾರದು ಎಂದು ಮನೆಯವರಿಗೆ ಒತ್ತಿ ಹೇಳಿದೆ. ಮೊಬೈಲಿನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಮೂಲ ಸಾಧನ ಕೈಯಲ್ಲಿದ್ದರೆ ಒಳ್ಳೆಯದು.

ಠಾಣೆಯ ಸಿಸಿಟಿವಿ ದೃಶ್ಯಗಳನ್ನು ಕಾಯ್ದಿರಿಸಬೇಕೆಂಬ ಪ್ರತ್ಯೇಕ ಪತ್ರವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಜಿಲ್ಲಾಧಿಕಾರಿಗೂ ಶನಿವಾರವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವೇ ಇಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು, ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿ ಇದನ್ನು ನೋಡಿಕೊಳ್ಳಬೇಕು ಎಂದು ಆದೇಶಿಸಿದೆ. ದೂರಿನೊಳಗೆ ಒಂದು ಸಾಲಾಗಿ ಸೇರಿಸದೆ ಬೇರೆ ಪತ್ರ ಬರೆದದ್ದಕ್ಕೆ ಕಾರಣ, ದೂರಿನ ಗತಿ ಏನೇ ಆಗಲಿ, ದೃಶ್ಯ ಉಳಿಸಿಡಿ ಎಂದು ಕೇಳಿದ ದಿನಾಂಕ ಖಚಿತವಾಗಿ ದಾಖಲಾಗಬೇಕಿತ್ತು. ಆ ಅವಧಿಯಲ್ಲಿ ಕ್ಯಾಮೆರಾ ದುರಸ್ತಿಯಲ್ಲಿತ್ತು ಎಂಬ ಉತ್ತರ ಆಮೇಲೆ ಬಂತು. ದುರಸ್ತಿಗೆ ಕೊಟ್ಟ ದಾಖಲೆ, ಬಿಲ್ಲು, ಹಾಳಾದದ್ದನ್ನು ಮೇಲಧಿಕಾರಿಗೆ ತಿಳಿಸಿದ ಪತ್ರ ಇವುಗಳನ್ನು ಮಾಹಿತಿ ಹಕ್ಕಿನಡಿ ಕೇಳಿದೆವು. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಇದಕ್ಕೂ ಬೇರೆ ಅರ್ಜಿಯೇ ಬೇಕಾಯಿತು. ಬಿಪಿಎಲ್ ಕುಟುಂಬವಾದ್ದರಿಂದ ಹತ್ತು ರೂಪಾಯಿ ಶುಲ್ಕವಿರಲಿಲ್ಲ. ದುರಸ್ತಿಯ ಯಾವ ಬಿಲ್ಲೂ ನಮಗೆ ಸಿಗಲಿಲ್ಲ. ಕ್ಯಾಮೆರಾ ಹಾಳಾಗಿತ್ತೆಂಬುದಕ್ಕೆ ಕಾಗದವಿಲ್ಲದಿರುವುದೂ ನ್ಯಾಯಾಲಯದ ಮುಂದೆ ಹೇಳಬಹುದಾದ ಒಂದು ಸಂಗತಿ.

ದೂರು ಬರೆದ ಬಗೆ

ದೂರನ್ನು ಆತ ಹೇಳಿದ ಕ್ರಮದಲ್ಲಿಯೇ, ನಾನು ಎಂಬ ಉತ್ತಮ ಪುರುಷದಲ್ಲಿ, ಎರಡೂವರೆ ಪುಟಕ್ಕೆ ಮೀರದಂತೆ ಬರೆದೆ. ಆತ ಕಂಡದ್ದು, ಅನುಭವಿಸಿದ್ದು ಒಂದು ಭಾಗ. ತಾಯಿ ಮತ್ತು ತಮ್ಮ ಕಂಡದ್ದು ಇನ್ನೊಂದು ಭಾಗ. ಬೇರೆಯವರಿಂದ ಕೇಳಿದ್ದಕ್ಕೆ ಜಾಗವಿರಲಿಲ್ಲ. ಹೊಡೆದ ಇಬ್ಬರಲ್ಲಿ ಒಬ್ಬರ ಹೆಸರು ಮಾತ್ರ ಆತನಿಗೆ ಗೊತ್ತಿತ್ತು. ಎರಡನೆಯವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿಲ್ಲವೆಂದು, ನೋಡಿದರೆ ಗುರುತಿಸುತ್ತೇನೆಂದು ಬರೆಸಿದ. ಊಹಿಸಿ ಹೆಸರು ಹಾಕಿದ್ದರೆ, ಆ ವ್ಯಕ್ತಿ ಅಂದು ರಜೆಯಲ್ಲಿದ್ದರೆಂಬ ಒಂದೇ ದಾಖಲೆಯಿಂದ ಇಡೀ ದೂರು ಸುಳ್ಳೆನಿಸಿಕೊಳ್ಳುತ್ತಿತ್ತು. ಖಾಲಿ ಹಾಳೆಗೆ ಸಹಿ ಹಾಕಿದ್ದನ್ನು ಮರೆಮಾಚದೆ, ಎಷ್ಟು ಹಾಳೆ, ಹಾಳೆಯ ಯಾವ ಭಾಗದಲ್ಲಿ ಸಹಿ ಎಂಬುದರ ಸಮೇತ ಬರೆದೆವು. ಆ ಹಾಳೆಗಳು ತಪ್ಪೊಪ್ಪಿಗೆಯಾಗಿಯೋ, ನನಗೆ ಯಾವ ತೊಂದರೆಯೂ ಆಗಿಲ್ಲವೆಂಬ ಹೇಳಿಕೆಯಾಗಿಯೋ ಮುಂದೆ ಬರುವ ಸಂಭವವಿತ್ತು.

ಊರಿನ ಒಬ್ಬ ಹಿತೈಷಿ, ಜಾತಿ ಹಿಡಿದು ಬೈದರೆಂದು ಸೇರಿಸಿದರೆ ದೂರಿಗೆ ಬಲ ಬರುತ್ತದೆಂದು ಒತ್ತಾಯಿಸಿದರು. ಯುವಕನನ್ನು ಒಬ್ಬನೇ ಕೂಡಿಸಿಕೊಂಡು ಕೇಳಿದೆ. ಕೆಟ್ಟ ಮಾತು ಬೈದರು, ಜಾತಿ ತೆಗೆಯಲಿಲ್ಲ ಎಂದ. ಆ ಸಾಲು ದೂರಿನಲ್ಲಿ ಬರಲಿಲ್ಲ. ನಿಂದನೆ ನಡೆದಿದ್ದರೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಬಿಡುವ ಪ್ರಶ್ನೆಯೇ ಇಲ್ಲ, ಆ ಕಾಯ್ದೆ ಇಂಥವರಿಗಾಗಿಯೇ ಇದೆ. ನಡೆಯದ್ದನ್ನು ಸೇರಿಸಿದರೆ ನಡೆದದ್ದನ್ನೂ ಯಾರೂ ನಂಬುವುದಿಲ್ಲ, ಮತ್ತು ನಿಜವಾಗಿ ನಿಂದನೆಗೊಳಗಾದ ಮುಂದಿನವರ ದೂರಿಗೂ ಅದರಿಂದ ಪೆಟ್ಟು ಬೀಳುತ್ತದೆ. ಬರೆದು ಮುಗಿದ ಮೇಲೆ ಇಡೀ ದೂರನ್ನು ಆತನಿಗೂ ತಾಯಿಗೂ ಜೋರಾಗಿ ಓದಿ ಹೇಳಿದೆ. ತಾಯಿ ಎರಡು ಕಡೆ ತಿದ್ದಿಸಿದರು: ಮಗ ಬಂದದ್ದು ಮಧ್ಯಾಹ್ನವಲ್ಲ, ಮಧ್ಯಾಹ್ನ ಬಿಟ್ಟರು, ಮನೆ ಸೇರಿದ್ದು ಸಂಜೆ, ಮತ್ತು ಆತ ಕುಂಟುತ್ತಿರಲಿಲ್ಲ, ಒಬ್ಬರ ಹೆಗಲು ಹಿಡಿದು ಬಂದ.

ಎಲ್ಲಿ ಕೊಡುವುದು

ನಾಗರಿಕ ಸುರಕ್ಷಾ ಸಂಹಿತೆಯ ಕಲಮು 173ರಂತೆ ಯಾವ ಠಾಣೆಯಲ್ಲಾದರೂ, ವ್ಯಾಪ್ತಿ ನೋಡದೆ, ಮಾಹಿತಿ ಕೊಡಬಹುದಾದ್ದರಿಂದ ಪಕ್ಕದ ಠಾಣೆಗೆ ಹೋದೆವು. ಲಲಿತಾ ಕುಮಾರಿ ಪ್ರಕರಣದ 2013ರ ತೀರ್ಪಿನ ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ. ಅಲ್ಲಿ ಅರ್ಜಿ ಓದಿ, ಮೇಲಧಿಕಾರಿಗಳನ್ನು ಕೇಳಿಕೊಂಡು ಬನ್ನಿ ಎಂದರು, ಸ್ವೀಕೃತಿ ಕೊಡಲಿಲ್ಲ. ಹೋದ ದಿನ, ಹೊತ್ತು, ಮಾತಾಡಿದವರ ಹುದ್ದೆಯನ್ನು ಬರೆದುಕೊಂಡು ರಾಯಚೂರಿಗೆ ಹೋಗಿ ಎಸ್‌ಪಿ ಕಚೇರಿಯ ಟಪಾಲಿನಲ್ಲಿ ಮೊಹರು ಹಾಕಿಸಿಕೊಂಡೆವು. ಆ ಪತ್ರದ ವಿಷಯದ ಸಾಲಿನಲ್ಲಿಯೇ ಕಲಮು 173ರ 4ನೇ ಉಪಕಲಮಿನಂತೆ ಎಂದು ಬರೆದಿದ್ದೆವು. ಠಾಣೆಯವರು ನಿರಾಕರಿಸಿದಾಗ ಎಸ್‌ಪಿಗೆ ಬರೆದು, ಅದರ ಮೇಲೂ ಫಲ ಸಿಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕೆಂಬ ಕ್ರಮವನ್ನು ಹಿಂದೆ ಪ್ರಿಯಾಂಕಾ ಶ್ರೀವಾಸ್ತವ ಪ್ರಕರಣದ 2015ರ ತೀರ್ಪು ಹೇಳಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆ ಅದನ್ನೇ ಕಾನೂನು ಮಾಡಿದೆ. ಎಸ್‌ಪಿಗೆ ಕೊಟ್ಟದ್ದು ಬರೀ ಮನವಿ ಪತ್ರವಾಗಿದ್ದರಿಂದ ನ್ಯಾಯಾಲಯದಲ್ಲಿ ಮುಗ್ಗರಿಸಿದ ಅರ್ಜಿಗಳನ್ನು ನಾನು ನೋಡಿದ್ದೇನೆ. ಒಂದು ಸಾಲು ಬರೆಯಲು ಖರ್ಚೇನೂ ಇಲ್ಲ.

ಪ್ರತಿಗಳನ್ನು ಬಳ್ಳಾರಿ ವಲಯದ ಪೊಲೀಸ್ ಮಹಾನಿರೀಕ್ಷಕರಿಗೂ (ಐಜಿಪಿ) ಬೆಂಗಳೂರಿನ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಕಳಿಸಿದೆವು. ಪ್ರಕಾಶ್ ಸಿಂಗ್ ಪ್ರಕರಣದ 2006ರ ತೀರ್ಪು ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು, ಡಿವೈಎಸ್‌ಪಿ ದರ್ಜೆಯವರೆಗಿನ ದೂರುಗಳನ್ನು ಅದು ನೋಡಬೇಕು, ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರಬೇಕು ಎಂದು ಹೇಳಿತ್ತು. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಗಳಿಗೆ ಅವಕಾಶ ಮಾಡಿತು. ನಮ್ಮ ಭಾಗದ ಹಳ್ಳಿಗಳಲ್ಲಿ ಇಂಥದ್ದೊಂದು ಇದೆಯೆಂದು ತಿಳಿದವರನ್ನು ಹುಡುಕಬೇಕು. ಠಾಣೆಯ ಗೋಡೆಯ ಮೇಲೆ ಅದರ ವಿಳಾಸ ಬರೆದಿದ್ದರೆ ನನ್ನಂಥವರ ಅರ್ಧ ಕೆಲಸ ಉಳಿಯುತ್ತಿತ್ತು.

ಮಾನವ ಹಕ್ಕುಗಳ ಆಯೋಗಕ್ಕೆ ಬರೆಯುವಾಗ ರಾಜ್ಯ ಆಯೋಗವನ್ನು ಮಾತ್ರ ಆರಿಸಿಕೊಂಡೆವು. ಒಂದು ಆಯೋಗದ ಮುಂದಿರುವ ವಿಷಯವನ್ನು ಇನ್ನೊಂದು ವಿಚಾರಣೆಗೆ ಎತ್ತಿಕೊಳ್ಳಬಾರದೆಂದು 1993ರ ಕಾಯ್ದೆಯ 36ನೇ ಕಲಮು ಹೇಳುವುದರಿಂದ ದೆಹಲಿಗೂ ಬೆಂಗಳೂರಿಗೂ ಒಟ್ಟಿಗೆ ಕಳಿಸುವುದು ಎರಡನ್ನೂ ಕೆಡಿಸಿಕೊಂಡಂತೆ. ಘಟನೆ ನಡೆದು ಒಂದು ವರ್ಷದೊಳಗೆ ದೂರು ತಲುಪಬೇಕು, ಶುಲ್ಕವಿಲ್ಲ. ಪರಿಹಾರಕ್ಕೆಂದು ಹೈಕೋರ್ಟಿಗೆ ರಿಟ್ ಹೋಗುವ ದಾರಿಯೂ ಇದೆ, ರಾಯಚೂರಿನವರಿಗೆ ಅದು ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ. ವಶದಲ್ಲಿದ್ದವರ ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬುದು 1993ರ ನೀಲಾಬತಿ ಬೆಹೆರಾ ತೀರ್ಪಿನಿಂದ ಸ್ಥಿರವಾಗಿದೆ. ಈ ಕುಟುಂಬ ಸದ್ಯಕ್ಕೆ ಅದನ್ನು ಬೇಡವೆಂದಿತು.

ರಾಜಿಯ ಮಾತು

ದೂರು ತಲುಪಿದ ವಾರದೊಳಗೆ ಊರಿನ ಹಿರಿಯರೊಬ್ಬರು ಮನೆಗೆ ಬಂದರು. ಆಸ್ಪತ್ರೆ ಖರ್ಚು ಕೊಡಿಸುತ್ತೇವೆ, ಪೊಲೀಸರನ್ನು ಎದುರು ಹಾಕಿಕೊಂಡು ಬಾಳಲಾಗುವುದಿಲ್ಲ, ನಾಳೆ ರೌಡಿ ಪಟ್ಟಿಯಲ್ಲಿ ಹೆಸರು ಬಂದರೆ ಹುಡುಗನ ಮದುವೆ ಹೇಗೆ ಎಂಬುದು ಅವರ ಮಾತಿನ ಸಾರ. ಗಿರಣಿಯ ಮೇಸ್ತ್ರಿ ಕಾಲು ವಾಸಿಯಾಗುವವರೆಗೆ ಬರಬೇಡ ಎಂದ. ಕಾಲು ವಾಸಿಯಾದ ಮೇಲೂ ಕರೆಯಲಿಲ್ಲ. ದೂರು ಕೊಟ್ಟವರ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆಗೆ ಯಾವ ಕಲಮಿನಲ್ಲೂ ಉತ್ತರವಿಲ್ಲ. ನಮ್ಮ ಪರಿಚಯದ ಇನ್ನೊಂದು ಗಿರಣಿಯಲ್ಲಿ ಆತನಿಗೆ ಕೆಲಸ ಸಿಕ್ಕಿತು, ಆದರೆ ಅದು ಅದೃಷ್ಟ, ವ್ಯವಸ್ಥೆಯಲ್ಲ.

ರಾಜಿ ಮಾಡಿಕೊಳ್ಳಬೇಕೋ ಬೇಡವೋ ಎಂಬುದನ್ನು ನಾನು ಹೇಳಲಿಲ್ಲ. ಹಾಗೆ ಹೇಳುವ ಹಕ್ಕು ಸಹಾಯಕ್ಕೆ ನಿಂತವರಿಗೆ ಇಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ರಾತ್ರಿ ಬಾಗಿಲು ಬಡಿದರೆ ತೆರೆಯಬೇಕಾದವರು ಅವರು. ತಿಳಿಸಬೇಕಾದದ್ದನ್ನು ಮಾತ್ರ ತಿಳಿಸಿದೆ: ನ್ಯಾಯ ಸಂಹಿತೆಯ 120ನೇ ಕಲಮಿನ ಅಪರಾಧ ಕಾನೂನಿನಂತೆ ರಾಜಿಯಾಗುವಂಥದ್ದಲ್ಲ, ಹಣ ಪಡೆದು ದೂರು ಹಿಂತೆಗೆದುಕೊಂಡರೆ ಮೊದಲ ದೂರೇ ಸುಳ್ಳಾಗಿತ್ತೆಂದು ಬರೆಸಿಕೊಳ್ಳುವುದು ರೂಢಿ, ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಅದೇ ಸಂಹಿತೆಯ 217ನೇ ಕಲಮು ತಿರುಗಿ ಬರಬಹುದು. ಮಗ ಒಂದು ಹಂತದಲ್ಲಿ ಸಾಕು ಎಂದ. ಮೊದಲು ಜೈಲು ಬೇಡವೆಂದಿದ್ದ ತಾಯಿಯೇ ಆಗ, “ಕಾಗದ ಕೊಟ್ಟ ಮ್ಯಾಲ ಒಮ್ಮಿನೂ ಕರದಿಲ್ಲ. ಕಾಗದ ವಾಪಸ್ ತಗೊಂಡ್ರ ಮತ್ತ ಕರೀತಾರ” ಎಂದರು. ದೂರಿನಿಂದ ತನಗೆ ಬೇಕಾದದ್ದು ಸಿಗುತ್ತಿದೆಯೆಂದು ಆಕೆ ನನಗಿಂತ ಮೊದಲೇ ಕಂಡುಕೊಂಡಿದ್ದರು.

ವಿಚಾರಣೆ, ಹಿಂಬರಹ, ನ್ಯಾಯಾಲಯ

ಎಸ್‌ಪಿ ಕಚೇರಿ ದೂರನ್ನು ವಿಚಾರಣೆಗೆಂದು ಅದೇ ಉಪವಿಭಾಗದ ಡಿವೈಎಸ್‌ಪಿಗೆ ಕಳಿಸಿತು. ಬೇರೆ ಉಪವಿಭಾಗದವರಿಗೆ ವಹಿಸಬೇಕೆಂದು ಬರೆದ ಪತ್ರಕ್ಕೆ ಒಪ್ಪಿಗೆ ಸಿಕ್ಕಿತು, ಇದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ. ಹೇಳಿಕೆ ಕೊಡಲು ಯುವಕನನ್ನು ಮೊದಲು ಫೋನಿನಲ್ಲಿ, ಅದೇ ಠಾಣೆಗೆ ಕರೆದರು. ಲಿಖಿತ ನೋಟಿಸ್ ಕೊಟ್ಟು ಡಿವೈಎಸ್‌ಪಿ ಕಚೇರಿಗೆ ಕರೆದರೆ ಬರುತ್ತೇನೆಂದು ಲಿಖಿತವಾಗಿಯೇ ಉತ್ತರಿಸಿದೆವು; ಹಾಗೆಯೇ ಆಯಿತು. ಹೇಳಿಕೆಯನ್ನು ಓದಿಸಿಕೊಂಡು, ‘ಹೊಡೆದರು’ ಎಂದು ಹೇಳಿದ ಕಡೆ ‘ದಬಾಯಿಸಿದರು’ ಎಂದಿದ್ದುದನ್ನು ತಿದ್ದಿಸಿದ ಮೇಲೆ ಆತ ಸಹಿ ಹಾಕಿದ.

ಕೆಲವು ತಿಂಗಳ ನಂತರ ಹಿಂಬರಹ, ಅಂದರೆ ದೂರಿಗೆ ಲಿಖಿತ ಉತ್ತರ ಬಂತು. ನೋಟಿಸ್ ಇಲ್ಲದೆ ಕರೆಸಿದ್ದು ಮತ್ತು ನಿಯಮ ಮೀರಿ ಠಾಣೆಯಲ್ಲಿರಿಸಿಕೊಂಡದ್ದು ಕಂಡುಬಂದಿದೆ, ಒಬ್ಬ ಅಧಿಕಾರಿ ಮತ್ತು ಒಬ್ಬ ಸಿಬ್ಬಂದಿಯ ಮೇಲೆ 1965ರ ಶಿಸ್ತು ನಡವಳಿ ನಿಯಮಗಳಂತೆ ಇಲಾಖಾ ವಿಚಾರಣೆ ಆರಂಭಿಸಲಾಗಿದೆ, ಹಲ್ಲೆಯ ಆರೋಪ ಸಾಬೀತಾಗಿಲ್ಲ ಎಂಬುದು ಅದರ ಸಾರ. ಎರಡು ರಾತ್ರಿಯ ವಾಸ್ತವ್ಯವನ್ನು ಇಲಾಖೆಯೇ ಒಪ್ಪಿಕೊಂಡದ್ದು ನಮಗೆ ದೊಡ್ಡ ಸಂಗತಿ. ಆರೋಗ್ಯವಾಗಿ ನಡೆದು ಒಳಗೆ ಹೋದವನು ಎಲುಬು ಬಿರಿದು ಹೊರಗೆ ಬಂದನೆಂದಾದ ಮೇಲೆ, ಅದು ಹೇಗಾಯಿತೆಂದು ಹೇಳಬೇಕಾದವರು ಒಳಗಿದ್ದವರು.

ಹಲ್ಲೆಯ ವಿಷಯವನ್ನು ಕಾನೂನು ಸೇವಾ ಸಮಿತಿ ನೇಮಿಸಿದ ವಕೀಲರ ಮೂಲಕ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದ ಮುಂದಿಟ್ಟಿದ್ದೇವೆ. ಅರ್ಜಿ ಯುವಕನದೇ, ಆದಾಯದ ಮಿತಿಯೊಳಗಿನವನಾದ್ದರಿಂದ ಉಚಿತ ವಕೀಲರು ಸಿಕ್ಕರು. ಸರ್ಕಾರಿ ನೌಕರ ಕರ್ತವ್ಯದ ವೇಳೆ ಮಾಡಿದನೆನ್ನುವ ಕೃತ್ಯದ ಮೇಲೆ ತನಿಖೆಗೆ ಆದೇಶಿಸುವ ಮೊದಲು ಮೇಲಧಿಕಾರಿಯ ವರದಿ ಪಡೆಯಬೇಕು, ನೌಕರನ ಮಾತನ್ನೂ ಪರಿಗಣಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಮು 175ರ 4ನೇ ಉಪಕಲಮು ಹೇಳುತ್ತದೆ. ನ್ಯಾಯಾಲಯ ಆ ವರದಿಯನ್ನು ತರಿಸಿಕೊಂಡಿದೆ. ಇದಾದ ಮೇಲೂ ದೊಡ್ಡ ತಡೆ ಒಂದಿದೆ: ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಡಿ ಸರ್ಕಾರದ ಪೂರ್ವಾನುಮತಿ. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ನಂಟಿದ್ದರೆ ಅಧಿಕಾರ ಮೀರಿ ನಡೆದುಕೊಂಡಿದ್ದರೂ ಅನುಮತಿ ಬೇಕೆಂದು ಹೇಳಿದೆ. ಅನುಮತಿಯಿಲ್ಲದೆ ಬಂದ ದೂರುಗಳು ಇಲ್ಲಿಯೇ ಬೀಳುತ್ತವೆ. ಬಂಧನವನ್ನೇ ತೋರಿಸದೆ, ದಿನಚರಿಯಲ್ಲಿ ಬರೆಯದೆ ಇರಿಸಿಕೊಂಡವನಿಗೆ ಹೊಡೆಯುವುದು ಯಾವ ಕರ್ತವ್ಯದ ಭಾಗ ಎಂಬುದು ನಮ್ಮ ವಕೀಲರ ವಾದ. ಅದೇ ಹೊತ್ತಿಗೆ, ವಾದ ಬಿದ್ದರೂ ದೂರು ಬೀಳಬಾರದೆಂದು ಅನುಮತಿ ಕೋರಿ ಒಳಾಡಳಿತ ಇಲಾಖೆಗೂ ಅರ್ಜಿ ಹಾಕಿಸಿದ್ದಾರೆ.

ಮುಂದಿನ ವಿಚಾರಣೆಯಲ್ಲಿ ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದ ಮೂಲವನ್ನು ತರಿಸಬೇಕೆಂದು ನ್ಯಾಯಾಲಯವನ್ನು ಕೇಳಲಿದ್ದೇವೆ. ಬರೆದ ವೈದ್ಯೆಗೆ ಈಗ ಬೇರೆ ಜಿಲ್ಲೆಗೆ ವರ್ಗವಾಗಿದೆ, ಸಮನ್ಸ್ ಕಳಿಸಬೇಕಾದ ವಿಳಾಸವನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ಪಡೆದು ವಕೀಲರಿಗೆ ಕೊಟ್ಟಿದ್ದೇನೆ. ಖಾನಾವಳಿಯವರು, ಕೋರ್ಟು ಕರೆದರೆ ಬಂದು ಹೇಳುತ್ತೇನೆ, ಪೊಲೀಸರು ಕರೆದರೆ ಹೇಳುವುದಿಲ್ಲ ಎಂದಿದ್ದಾರೆ. ರಾಜ್ಯ ಪ್ರಾಧಿಕಾರದಿಂದ ದೂರಿನ ಸಂಖ್ಯೆ ಬಂದಿದೆ, ವಿಚಾರಣೆಯ ದಿನಾಂಕ ಬಂದಿಲ್ಲ. ಮೋಟರ್ ಕಳವಿನ ಪ್ರಕರಣದ ದೋಷಾರೋಪಣ ಪಟ್ಟಿಯಲ್ಲಿ ಈ ಯುವಕನ ಹೆಸರಿಲ್ಲ.